ಒಂದು ರಾತ್ರಿ ಕೆಮ್ಮಣ್ಣಿನಲ್ಲಿ

ಪ್ರವಾಸ ಮುಗಿಸಿ ಬಂದ ಮರುದಿನ ನಿಮ್ಮ ಮನೆಯಲ್ಲಿ ಯಾರು ಹೇಗಿರುತ್ತಾರೆಂದು ಎಂದಾದರೂ ಗಮನಿಸಿದ್ದೀರಾ? ಮನೆಯ ಯಜಮಾನರು ಕಣ್ಣುಜ್ಜಿಕೊಳ್ಳುತ್ತಾ ಆಫೀಸಿಗೆ ಹೊರಡುತ್ತಾರೆ. ಮಕ್ಕಳು ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾರೆ. ಅಜ್ಜಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿರುತ್ತಾರೆ. ಗೃಹಿಣಿಯ ಮುಂದೆ ಮರಳು ತುಂಬಿದ ಒದ್ದೆ ಬಟ್ಟೆಗಳ ರಾಶಿ ಇರುತ್ತದೆ. ಎರಡು ದಿನ ವಿಶ್ರಾಂತಿಗೆಂದು ಹೋಗಿ ಬಂದವರಿಗೆ ಮತ್ತೆ ಎರಡು ದಿನ ವಿಶ್ರಾಂತಿ ಬೇಕು! ಹಾಗಾದರೆ ಹೋದದ್ದು ಯಾತಕ್ಕೆ?

ನಾವೂ ಅದೇ ತಪ್ಪು ಮಾಡಿದವರು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಕಾರು ಹತ್ತಿ, ಶನಿವಾರ ಮತ್ತು ಭಾನುವಾರದೊಳಗೆ ಕರಾವಳಿಯ ಏಳು ಸ್ಥಳಗಳನ್ನು 'ಮುಗಿಸಿ', ಸೋಮವಾರ ಬೆಳಗಿನ ಜಾವ ಮನೆ ಸೇರಿದ್ದೆವು. ಫೋನಿನಲ್ಲಿ ನಾನೂರು ಫೋಟೋಗಳಿದ್ದವು. ಮರುದಿನ ನೆರೆಮನೆಯವರು ನಮ್ಮ ಅತ್ತೆಯನ್ನು ಕೇಳಿದರು: "ಸಮುದ್ರ ಹೇಗಿತ್ತು?" ಅವರು ಯಾವ ಸಿಟ್ಟೂ ಇಲ್ಲದೆ ಉತ್ತರಿಸಿದರು: "ಕಾರಿನ ಗಾಜಿನಿಂದ ಚೆನ್ನಾಗಿಯೇ ಕಾಣಿಸುತ್ತಿತ್ತು." ಎಪ್ಪತ್ತು ದಾಟಿದ ಆ ಜೀವ ಎರಡು ದಿನವೂ ಹೆಚ್ಚುಕಡಿಮೆ ಕಾರಿನಲ್ಲೇ ಕುಳಿತಿತ್ತು. "ಐದೇ ನಿಮಿಷ, ನೀವು ಇಲ್ಲೇ ಇರಿ, ನೋಡಿಕೊಂಡು ಬರುತ್ತೇವೆ" ಎಂದು ನಾವು ಪ್ರತಿ ಸ್ಥಳದಲ್ಲೂ ಹೇಳಿ ಹೋಗಿದ್ದೆವು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮುಂದಿನ ಸಲ ನಾವು ಏಳು ಊರುಗಳಿಗೆ ಹೋಗಲಿಲ್ಲ, ಒಂದೇ ಊರಿಗೆ ಹೋದೆವು. ಉಡುಪಿಯ ಹತ್ತಿರದ ಕೆಮ್ಮಣ್ಣಿಗೆ. ಆ ಊರಿನ ಬಗ್ಗೆ, ಜೊತೆಗೆ ಒಂದು ರಾತ್ರಿಯ ಪ್ರವಾಸವನ್ನು ಮನೆಮಂದಿಗೆಲ್ಲ ನಿಜವಾದ ವಿಶ್ರಾಂತಿಯಾಗುವಂತೆ ಮಾಡುವ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಮೊದಲು ದೂರದ ಲೆಕ್ಕ

ಒಂದೇ ದಿನದ ಬಿಡುವಿದ್ದರೆ ಬೆಂಗಳೂರಿನವರು ಕರಾವಳಿಯ ಆಸೆ ಬಿಡುವುದೇ ಒಳ್ಳೆಯದು. ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರ್. ಊಟ, ಚಹಾ, ಘಟ್ಟದ ತಿರುವು ಎಲ್ಲ ಸೇರಿದರೆ ಒಂದು ಹಗಲು ಪೂರ್ತಿ ದಾರಿಯಲ್ಲೇ ಕಳೆಯುತ್ತದೆ. ಒಂದು ದಿನಕ್ಕೆ ನಂದಿ ಬೆಟ್ಟ ಇದೆ, ದೇವರಾಯನದುರ್ಗ ಇದೆ. ಇತಿಹಾಸದಲ್ಲಿ ಆಸಕ್ತಿಯಿರುವ ಮಕ್ಕಳಿದ್ದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಗುಂಬಝ್ ಇವೆ. ಇವೆಲ್ಲ ಬೆಳಗ್ಗೆ ಹೋಗಿ ಸಂಜೆ ಮನೆ ಸೇರಬಹುದಾದ ಜಾಗಗಳು. ನಿಯಮ ಸರಳವಾದದ್ದು: ನೋಡುವ ಹೊತ್ತಿಗಿಂತ ಪ್ರಯಾಣದ ಹೊತ್ತು ಹೆಚ್ಚಾದರೆ ಆ ಪ್ರವಾಸ ಬೇಡ.

ಉಡುಪಿಗೆ ಹೋಗುವುದಾದರೆ ರಾತ್ರಿಯ ಪ್ರಯಾಣವನ್ನೇ ಆರಿಸಿಕೊಳ್ಳಿ. ರೈಲು ಎಲ್ಲಕ್ಕಿಂತ ಉತ್ತಮ. ಬೆಂಗಳೂರು-ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹೊರಟರೆ ಬೆಳಗಾಗುವ ಹೊತ್ತಿಗೆ ಉಡುಪಿ ತಲುಪುತ್ತೀರಿ. ವಯಸ್ಸಾದವರು ಕಾಲು ಚಾಚಿ ಮಲಗಬಹುದು, ಶೌಚಾಲಯಕ್ಕೆ ಪರದಾಡಬೇಕಿಲ್ಲ, ಮಕ್ಕಳಿಗೆ ವಾಂತಿಯ ಕಾಟವೂ ಕಡಿಮೆ. ಟಿಕೆಟನ್ನು ಮಾತ್ರ ಬಹಳ ಮುಂಚಿತವಾಗಿ ಕಾಯ್ದಿರಿಸಬೇಕು. ಮಳೆಗಾಲದಲ್ಲಿ ಘಟ್ಟದ ಸುದ್ದಿ ಕೇಳಿಕೊಂಡೇ ಹೊರಡಿ. 2024ರ ಜುಲೈಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ನಡುವೆ ಯಡಕುಮೇರಿ ಬಳಿ ಗುಡ್ಡ ಕುಸಿದು ರೈಲು ಸಂಚಾರ ದಿನಗಟ್ಟಲೆ ನಿಂತಿತ್ತು. ಮುಂಬೈಯಲ್ಲಿರುವ ನಮ್ಮವರಿಗೆ 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾದಂದಿನಿಂದ ಉಡುಪಿ ಒಂದೇ ರಾತ್ರಿಯ ದಾರಿಯಾಗಿದೆ. ಮಂಗಳೂರಿನವರಿಗಂತೂ ಕೆಮ್ಮಣ್ಣು ಬೆಳಗ್ಗೆ ಹೋಗಿ ಸಂಜೆ ಮರಳಬಹುದಾದ ಊರು.

ಕೆಂಪು ಮಣ್ಣಿನ ಊರು

ಉಡುಪಿಯಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಸಂತೆಕಟ್ಟೆ ಸಿಗುತ್ತದೆ. ಅಲ್ಲಿ ಪಶ್ಚಿಮಕ್ಕೆ ತಿರುಗಿ ಕಲ್ಯಾಣಪುರ, ನೇಜಾರು ದಾಟಿದರೆ ಕೆಮ್ಮಣ್ಣು. ಉಡುಪಿಯಿಂದ ಒಟ್ಟು ಸುಮಾರು ಹತ್ತು ಕಿಲೋಮೀಟರ್. ಹೂಡೆಗೆ ಹೋಗುವ ಬಸ್ಸು ಹತ್ತಿದರೂ ಇಲ್ಲಿ ಇಳಿಯಬಹುದು. ಉಡುಪಿಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಸಿಗುವ ಉಚಿತ ಪ್ರಯಾಣ ಖಾಸಗಿ ಬಸ್ಸಿನಲ್ಲಿ ಇಲ್ಲವೆಂಬುದು ನೆನಪಿರಲಿ, ಚಿಲ್ಲರೆ ಕೈಯಲ್ಲಿರಲಿ.

ದಾರಿಯಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್ ಕಾಣಿಸುತ್ತದೆ. 1678ರಲ್ಲಿ ಸ್ಥಾಪನೆಯಾದ ಹಳೆಯ ಇಗರ್ಜಿ ಅದು. ಮುಂದೆ ಹೋದಂತೆ ಮಸೀದಿ, ಚರ್ಚ್, ದೇವಸ್ಥಾನಗಳು ಒಂದರ ಹಿಂದೊಂದು ಬರುತ್ತವೆ. ಬಸ್ಸಿನಲ್ಲಿ ಕಿವಿಗೊಟ್ಟು ಕುಳಿತರೆ ತುಳು, ಕೊಂಕಣಿ, ಬ್ಯಾರಿ, ಉರ್ದು, ಕನ್ನಡ ಎಲ್ಲವೂ ಕೇಳಿಸುತ್ತವೆ. ಒಂದೇ ಮಾತು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವುದೂ ಉಂಟು!

ಕೆಮ್ಮಣ್ಣು ಎಂದರೆ ಕೆಂಪು ಮಣ್ಣು. ಕರಾವಳಿಯ ಭಾರೀ ಮಳೆ ಮತ್ತು ಸೆಖೆಯಲ್ಲಿ ಬಂಡೆ ಲಕ್ಷಾಂತರ ವರ್ಷಗಳ ಕಾಲ ಕರಗಿ, ಉಳಿದ ಅಂಶಗಳೆಲ್ಲ ತೊಳೆದು ಹೋಗಿ, ಕಬ್ಬಿಣದ ಅಂಶ ಉಳಿದು ತುಕ್ಕು ಹಿಡಿದ ಬಣ್ಣವದು. ಇಲ್ಲಿನ ಮನೆಗಳ ಮುರಕಲ್ಲೂ ಅದೇ. 1800-01ರಲ್ಲಿ ಮಲಬಾರು ಮತ್ತು ಕೆನರಾ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಕಲ್ಲಿನ ಬಗ್ಗೆ ಬರೆದು, ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟ. ನೆಲದಲ್ಲಿರುವಾಗ ಕತ್ತಿಯಿಂದ ಕೊಯ್ಯಬಹುದಾದಷ್ಟು ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಬೆಂಗಳೂರಿನ ಕಾಂಕ್ರೀಟ್ ಮಾತ್ರ ನೋಡಿದ ಮಕ್ಕಳಿಗೆ ಒಂದು ಹಳೆಯ ಮುರಕಲ್ಲಿನ ಗೋಡೆ ಮುಟ್ಟಿಸಿ ಇದನ್ನು ಹೇಳಿ. ಪಾಠಪುಸ್ತಕದಲ್ಲಿ ಓದಿದ್ದು ಮರೆತರೂ ಇದನ್ನು ಮರೆಯಲಾರರು.

ತೂಗುಸೇತುವೆ ಯಾರದ್ದು?

ಕೆಮ್ಮಣ್ಣಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಮುಖ್ಯವಾಗಿ ತೂಗುಸೇತುವೆಯಿಂದ. ಸ್ವರ್ಣಾ ನದಿಯ ನಡುವಿನ ತಿಮ್ಮಣ್ಣ ಕುದ್ರುವಿಗೆ ಹೋಗುವ, ಉಕ್ಕಿನ ಹಗ್ಗಗಳ ಮೇಲೆ ನಿಂತ ಕಿರಿದಾದ ಕಾಲುದಾರಿ ಅದು. ಕುದ್ರು ಎಂದರೆ ನದಿ ಹೊತ್ತು ತಂದ ಮಣ್ಣು ನಡುನೀರಿನಲ್ಲಿ ನಿಂತು ಆದ ನಡುಗಡ್ಡೆ. ತೆಂಗಿನ ಮರಗಳು, ಹೆಂಚಿನ ಮನೆಗಳು, ಸುತ್ತಲೂ ನೀರು. ಬೆಳಗಿನ ಹೊತ್ತು ಸೇತುವೆಯ ತುದಿಯಲ್ಲಿ ನಿಂತರೆ ಕಣ್ಣು ತಣಿಯುತ್ತದೆ, ಅದರಲ್ಲಿ ಸಂದೇಹವಿಲ್ಲ.

ಆದರೆ ಪ್ರಿಯ ಓದುಗರೇ, ಅಲ್ಲಿಗೆ ಹೋದಾಗ ಒಂದು ವಿಷಯ ಗಮನಿಸಿ. ತೂಗುಸೇತುವೆ ಕಟ್ಟಿದ್ದು ನಮ್ಮ ಫೋಟೋಗಳಿಗಾಗಿ ಅಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಹೊಳೆಯಾಚೆಯ ಬದುಕು ಎಷ್ಟು ಕಷ್ಟದ್ದೆಂದು ಹಳಬರನ್ನು ಕೇಳಬೇಕು. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಗು, ಹೆರಿಗೆ ನೋವು ತಿನ್ನುವ ಹೆಣ್ಣು, ಔಷಧಿ ಬೇಕಾದ ಮುದುಕ ಎಲ್ಲರೂ ದೋಣಿಯನ್ನೇ ನಂಬಬೇಕಿತ್ತು. ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ಊರುಗಳಿಗೆ ಇಂಥ ಕಾಲುಸೇತುವೆಗಳನ್ನು ಕಟ್ಟಿಕೊಟ್ಟದ್ದಕ್ಕೆ 2017ರಲ್ಲಿ ಪದ್ಮಶ್ರೀ ಪಡೆದರು. ಅಂದರೆ ಈ ಸೇತುವೆಗಳಿಂದ ಜನರ ಬದುಕು ಅಷ್ಟರ ಮಟ್ಟಿಗೆ ಬದಲಾಯಿತು. ಹೀಗಿರುವಾಗ ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತ ಹೆಂಗಸೊಬ್ಬಳು ನಮ್ಮ ಸೆಲ್ಫಿ ಮುಗಿಯಲೆಂದು ಕಾಯುವಂತಾಗಬೇಕೇ? ನೀವೇ ಹೇಳಿ.

ಇನ್ನು ಸೇತುವೆಯನ್ನು ಬೇಕೆಂದೇ ಅಲುಗಾಡಿಸುವ ಹುಡುಗರ ವಿಷಯ. ಇದು ಬರೀ ಕೀಟಲೆಯಲ್ಲ, ಅಪಾಯ. ತೂಗುಸೇತುವೆಯಲ್ಲಿ ಹಲಗೆಯ ಭಾರವನ್ನೆಲ್ಲ ಹಗ್ಗಗಳು ಎಳೆದು ಹಿಡಿದಿರುತ್ತವೆ. ಆ ಎಳೆತ ಗೋಪುರಗಳ ಮೂಲಕ ಎರಡೂ ದಡಗಳಲ್ಲಿ ನೆಲದೊಳಗೆ ಹೂತ ಆಧಾರಗಳಿಗೆ ಹೋಗುತ್ತದೆ. ಹಲವರು ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ತೂಗಾಟ ಒಂದರ ಮೇಲೊಂದು ಸೇರಿ ಬೆಳೆಯುತ್ತಾ ಹೋಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ಎಂಬಲ್ಲಿ ಸೈನಿಕರು ಸಾಲಾಗಿ ಹೆಜ್ಜೆ ಹಾಕುತ್ತಿದ್ದಾಗ ತೂಗುಸೇತುವೆ ಕುಸಿಯಿತು. ಅಂದಿನಿಂದ ಸೇತುವೆಯ ಮೇಲೆ ತಾಳ ತಪ್ಪಿಸಿ ನಡೆಯಿರೆಂದು ಸೈನಿಕರಿಗೆ ಆಜ್ಞೆ ಕೊಡುವ ರೂಢಿ ಬಂತು. ನಮ್ಮ ದೇಶದಲ್ಲೇ 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯ ತೂಗುಸೇತುವೆ ರಜೆಯ ದಿನ ಜನ ಕಿಕ್ಕಿರಿದಿದ್ದಾಗ ಕಡಿದು ಬಿದ್ದು 135 ಮಂದಿ ಸತ್ತರು. ಅವರಲ್ಲಿ ಮಕ್ಕಳು ಎಷ್ಟೋ ಮಂದಿ.

ಆದ್ದರಿಂದ ಕೆಮ್ಮಣ್ಣಿನಲ್ಲಿ ಸೇತುವೆಯ ಬಳಿ ಹಾಕಿರುವ ಸೂಚನೆಯನ್ನು ಮೊದಲು ಓದಿ. ನಾಲ್ಕೈದು ಮಂದಿಯಾಗಿ ಹೋಗಿ, ಮಧ್ಯದಲ್ಲಿ ನಿಲ್ಲಬೇಡಿ, ಊರವರು ಬಂದರೆ ದಾರಿ ಬಿಡಿ. ಜನಸಂದಣಿಯಿದ್ದರೆ, ಅಥವಾ ಸೇತುವೆಗೆ ಪ್ರವೇಶ ನಿಲ್ಲಿಸಿದ್ದರೆ, ದಡದಲ್ಲೇ ಕುಳಿತು ನೋಡಿ. ನಮ್ಮ ಅತ್ತೆ ಹಾಗೆಯೇ ಮಾಡಿದರು. ಸೇತುವೆ ಹತ್ತಲಿಲ್ಲ. ದಡದ ಕಲ್ಲುಕಟ್ಟೆಯ ಮೇಲೆ ಕುಳಿತು ಒಂದೂವರೆ ಗಂಟೆ ನೀರು ನೋಡಿದರು. ಕುದ್ರುವಿನಿಂದ ಬಂದ ಇನ್ನೊಬ್ಬ ಅಜ್ಜಿ ಪಕ್ಕದಲ್ಲಿ ಕುಳಿತರು. ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ಸೊಸೆಯರು! ಮಾತಿಗೆ ಬರವೇ? ಅಂದು ನಮ್ಮ ಮನೆಯಲ್ಲಿ ಅತ್ಯಂತ ಹೆಚ್ಚು ನಕ್ಕವರು ಅವರೇ.

ನದಿಯ ಗಡಿಯಾರ

ಸ್ವರ್ಣೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕಾರ್ಕಳದ ಕಡೆಯಿಂದ ಹರಿದು ಬರುವ ನದಿ. ಉಡುಪಿ ನಗರ ಕುಡಿಯುವ ನೀರು ಬಜೆಯ ಅಣೆಕಟ್ಟಿನಲ್ಲಿ ಸಂಗ್ರಹವಾಗುವ ಇದೇ ನದಿಯದ್ದು. ಆದರೆ ಕೆಮ್ಮಣ್ಣಿಗೆ ಬರುವಾಗ ಅದು ಅರ್ಧ ನದಿ, ಅರ್ಧ ಸಮುದ್ರ. ಸಮುದ್ರದ ಭರತಕ್ಕೆ ನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಹೊರಗೆ ಹರಿಯುತ್ತದೆ. ಹೆಚ್ಚುಕಡಿಮೆ ಆರು ಗಂಟೆಗೊಮ್ಮೆ ಈ ಬದಲಾವಣೆ. ಇಲ್ಲಿನ ದೋಣಿಯವರು ನಮ್ಮ ಕೈಗಡಿಯಾರ ನೋಡುವುದಿಲ್ಲ, ನೀರು ನೋಡುತ್ತಾರೆ. "ಈಗ ಬೇಡ, ನೀರು ಏರಲಿ" ಎಂದರೆ ವಾದ ಮಾಡದೆ ಕಾಯಿರಿ. ನಗರದಲ್ಲಿ ಐದು ನಿಮಿಷದ ಸಿಗ್ನಲ್‌ಗೂ ಹಾರನ್ ಒತ್ತುವ ನಮಗೆ ಈ ಕಾಯುವಿಕೆಯೇ ಒಂದು ಚಿಕಿತ್ಸೆ.

ದೋಣಿಯಲ್ಲಿ ಕಾಂಡ್ಲಾ ಗಿಡಗಳ ಹತ್ತಿರ ಹೋಗುವ ಅವಕಾಶ ಸಿಕ್ಕಿದರೆ ಬಿಡಬೇಡಿ. ಉಪ್ಪುನೀರಿನ ಕೆಸರಿನಲ್ಲಿ ನಿಂತು ಬೇರುಗಳಿಂದಲೇ ಉಸಿರಾಡುವ ಗಿಡಗಳವು. ದಡದ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತವೆ. ಮೀನು, ಸಿಗಡಿ, ಏಡಿಗಳ ಮರಿಗಳಿಗೆ ಅದೇ ತೊಟ್ಟಿಲು. ನೀರು ಇಳಿದಾಗ ಮರುವಾಯಿ ಹೆಕ್ಕುವ ಹೆಂಗಸರನ್ನೂ ನೋಡಬಹುದು. ಸೊಂಟದ ತನಕ ನೀರಿನಲ್ಲಿ ನಿಂತು ಕಾಲಿನಿಂದಲೇ ಚಿಪ್ಪನ್ನು ಗುರುತಿಸುವ ಅವರ ಕೌಶಲ ನೋಡಿದರೆ ಬೆರಗಾಗುತ್ತದೆ. ಫೋಟೋ ತೆಗೆಯುವ ಮುಂಚೆ ಅವರನ್ನೊಮ್ಮೆ ಕೇಳಿ. ಒದ್ದೆ ಸೀರೆಯಲ್ಲಿ ದುಡಿಯುವ ಹೆಣ್ಣಿನ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಸಭ್ಯತೆಯಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ಬಗ್ಗೆ ಯಾರಾದರೂ ಹಾಗೆ ಮಾಡಿದರೆ ಸಹಿಸುತ್ತೇವೆಯೇ?

ದೋಣಿ ಯಾವುದೇ ಇರಲಿ, ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಹೆಂಗಸರಿಗೆ ಬುರ್ಖಾ ಅಥವಾ ಸೀರೆಯ ಮೇಲೆ ಅದನ್ನು ಕಟ್ಟಿಕೊಳ್ಳಲು ಸಂಕೋಚ. ಆದರೆ ನೀರಿಗೆ ಬಿದ್ದರೆ ನೆನೆದ ಉದ್ದ ಬಟ್ಟೆಯೇ ಕಾಲಿಗೆ ಸುತ್ತಿಕೊಂಡು ಕೆಳಗೆ ಎಳೆಯುತ್ತದೆ. ಹಾಗಾಗಿ ಜಾಕೆಟ್ ಬೇಕಾದದ್ದು ಅವರಿಗೇ ಹೆಚ್ಚು. ಮಕ್ಕಳಿಗೆ ಅವರ ಅಳತೆಯದ್ದೇ ಇರಲಿ. ಸಂಖ್ಯೆ ಮೀರಿ ಜನ ತುಂಬಿಸಿದರೆ ಇಳಿದುಬಿಡಿ.

ಇಬ್ನ್ ಬತೂತಾ ಬಂದ ದಾರಿ

ಕೆಮ್ಮಣ್ಣಿನಿಂದ ಪಶ್ಚಿಮಕ್ಕೆ ಹೂಡೆ. ಅಲ್ಲಿಂದ ಉತ್ತರಕ್ಕೆ ಕೋಡಿ ಬೆಂಗ್ರೆಯವರೆಗೆ ಒಂದು ಕಿರಿದಾದ ನೆಲದ ಪಟ್ಟಿ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ನದಿ, ನಡುವೆ ರಸ್ತೆ ಮತ್ತು ಬೆಸ್ತರ ಮನೆಗಳು. ನದಿ ತಂದ ಮರಳನ್ನು ಅಲೆಗಳು ತಳ್ಳಿ ತಳ್ಳಿ ಕಟ್ಟಿದ ನೆಲವಿದು. ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳೆರಡೂ ಒಟ್ಟಾಗಿ ಸಮುದ್ರ ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಸಂಜೆ ಇಲ್ಲಿ ನಿಂತರೆ ದೋಣಿಗಳು ಒಂದೊಂದಾಗಿ ಅಳಿವೆಯೊಳಗೆ ಬರುವುದು ಕಾಣುತ್ತದೆ.

ಇದೇ ಅಳಿವೆಯಿಂದ ಸೀತಾ ನದಿಯಲ್ಲಿ ಒಳಗೆ ಹೋದರೆ ಬಾರ್ಕೂರು. ಆಳುಪರ ರಾಜಧಾನಿಯಾಗಿದ್ದ ಪಟ್ಟಣ, ವಿಜಯನಗರದ ಕಾಲದಲ್ಲೂ ಪ್ರಾಂತ್ಯದ ಕೇಂದ್ರ. ಮೊರಾಕ್ಕೊದಿಂದ ಹೊರಟು ಲೋಕ ಸುತ್ತಿದ ಇಬ್ನ್ ಬತೂತಾ 1340ರ ದಶಕದಲ್ಲಿ ಈ ಕರಾವಳಿಯುದ್ದಕ್ಕೂ ಪ್ರಯಾಣ ಮಾಡಿದ್ದ. ಅವನು 'ಫಾಕನೂರ್' ಎಂದು ಕರೆದ ಊರನ್ನು ವಿದ್ವಾಂಸರು ಬಾರ್ಕೂರೆಂದು ಗುರುತಿಸಿದ್ದಾರೆ. ಅಳಿವೆಯ ದಡದ ದೊಡ್ಡ ಊರು, ಸೊಗಸಾದ ಕಬ್ಬು ಬೆಳೆಯುವ ನಾಡು ಎಂದು ಅವನು ಬರೆದಿಟ್ಟಿದ್ದಾನೆ. ಅಲ್ಲೊಂದು ಮುಸ್ಲಿಮ್ ಸಮುದಾಯವಿತ್ತು, ಜುಮಾ ನಮಾಝ್‌ಗೆ ಮಸೀದಿಯಿತ್ತು, ಕಾಝಿ ಇದ್ದರು. ಊರಿನ ಹಿಂದೂ ರಾಜನ ಹಡಗುಪಡೆಗೆ ಮುಸ್ಲಿಮನೊಬ್ಬ ನಾಯಕನಾಗಿದ್ದನೆಂದೂ ಅವನು ಹೇಳುತ್ತಾನೆ. ಸುಮಾರು ಏಳುನೂರು ವರ್ಷಗಳ ಹಿಂದಿನ ಮಾತು! ನದಿಗಳು ದಾರಿ ಬದಲಿಸುತ್ತವೆ, ಮರಳು ಸರಿಯುತ್ತದೆ. ಆದರೂ ಆ ಅಳಿವೆಯ ಮುಂದೆ ನಿಂತು ಮಕ್ಕಳಿಗೆ ಈ ಕಥೆ ಹೇಳಿದಾಗ ನಮ್ಮ ಚಿಕ್ಕವನು ಕೇಳಿದ: "ಅವರು ಎಷ್ಟು ದಿನ ಇದ್ದರು?" ಮೂರು ದಿನವೆಂದು ಆ ಪ್ರಯಾಣಿಕನೇ ಬರೆದಿದ್ದಾನೆ ಎಂದೆ. "ನಾವು ಬರೀ ಒಂದು ದಿನವಾ?" ಎಂದು ಮುಖ ಸಪ್ಪಗೆ ಮಾಡಿದ.

ಸಮುದ್ರದ ಜೊತೆ ಸಲಿಗೆ ಬೇಡ

ಬೆಂಗ್ರೆಯ ಕಡಲತೀರ ಶಾಂತವಾಗಿ ಕಾಣಿಸುತ್ತದೆ. ಆದರೆ ನದಿ ಸಮುದ್ರ ಸೇರುವ ಜಾಗ ಈಜಲು ಯೋಗ್ಯವಲ್ಲ. ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಟ್ಟಿಗೆ ಹೊರಗೆ ಎಳೆಯುತ್ತದೆ. ಮರಳಿನ ತಳ ಇಂದಿದ್ದಂತೆ ನಾಳೆ ಇರುವುದಿಲ್ಲ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ನಗುತ್ತಾ ಹೋದ ಮಕ್ಕಳು ಮನೆಗೆ ಮರಳಲಿಲ್ಲ.

ಕಾಲು ನೆನೆಸಿ, ಸಾಕು. ಮಕ್ಕಳ ಕೈ ಹಿಡಿದುಕೊಳ್ಳಿ, 'ಇವರು ನೋಡುತ್ತಿದ್ದಾರೆ' ಎಂದು ಅವರು, 'ಅವರು ನೋಡುತ್ತಿದ್ದಾರೆ' ಎಂದು ಇವರು ಇರಬಾರದು. ಸರದಿ ಹಾಕಿ ಒಬ್ಬ ದೊಡ್ಡವರು ಮಕ್ಕಳನ್ನು ನೋಡುವುದನ್ನೇ ಕೆಲಸ ಮಾಡಿಕೊಳ್ಳಲಿ, ಅವರ ಕೈಯಲ್ಲಿ ಫೋನ್ ಇರದಿರಲಿ. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ನೇರವಾಗಿ ದಡಕ್ಕೆ ಈಜಲು ಹೆಣಗಬಾರದು. ಹೆದರದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಕಡಿಮೆಯಾದಲ್ಲಿ ಈಚೆ ಬರಬೇಕು. ಈಜು ಬಾರದವರು ಅವರನ್ನು ಹಿಡಿಯಲು ನೀರಿಗೆ ಹಾರಬಾರದು, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ಊರವರನ್ನು ಕೂಗಿ ಕರೆಯಬೇಕು. ಮಕ್ಕಳು ನೀರಾಟಕ್ಕೆ ಹಟ ಹಿಡಿದರೆ ಪಡುಬಿದ್ರಿಗೆ ಕರೆದುಕೊಂಡು ಹೋಗಿ. 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಪಡೆದ ಕಡಲತೀರವದು. ಆ ಮಾನ್ಯತೆಗೆ ಜೀವರಕ್ಷಕರು, ಶೌಚಾಲಯ, ನೀರಿನ ಪರೀಕ್ಷೆ ಎಲ್ಲವೂ ಕಡ್ಡಾಯ.

ಎರಡನೆಯ ದಿನ: ಒಂದನ್ನು ಮಾತ್ರ ಆರಿಸಿ

ರಾತ್ರಿ ನದಿದಂಡೆಯ ಯಾವುದಾದರೂ ಹೋಮ್‌ಸ್ಟೇಯಲ್ಲಿ ತಂಗಿದಿರಿ ಎನ್ನೋಣ. ಮರುದಿನ ರಾತ್ರಿಯ ರೈಲಿಗೆ ಮುನ್ನ ಒಂದು ಹಗಲು ಉಳಿದಿದೆ. ಇಲ್ಲಿಯೇ ಹಳೆಯ ಚಟ ಮತ್ತೆ ತಲೆಯೆತ್ತುತ್ತದೆ. "ಇಷ್ಟು ದೂರ ಬಂದಿದ್ದೇವೆ, ಅದನ್ನೂ ನೋಡಿಬಿಡೋಣ!" ದಯವಿಟ್ಟು ತಡೆದುಕೊಳ್ಳಿ. ಕೆಳಗಿನವುಗಳಲ್ಲಿ ಒಂದು ಸಾಕು.

ಭೂಗೋಳ ಓದುವ ಮಕ್ಕಳಿದ್ದರೆ ಸೈಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾರಸ ತಣ್ಣಗಾಗಿ ಒಡೆದು ಕಂಬಗಳಂತೆ ನಿಂತ ಕಲ್ಲುಗಳು ಅಲ್ಲಿವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.

ಶಿಲ್ಪಕಲೆ ಇಷ್ಟವಿದ್ದರೆ ಕಾರ್ಕಳ. ಒಂದೇ ಕಲ್ಲಿನ, 42 ಅಡಿ ಎತ್ತರದ ಗೊಮ್ಮಟ 1432ರಲ್ಲಿ ನಿಂತದ್ದು. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ 1586ರದ್ದು. ಮೆಟ್ಟಿಲುಗಳಿವೆ, ಮಂಡಿನೋವಿನವರನ್ನು ಕರೆದೊಯ್ಯುವ ಮುಂಚೆ ಯೋಚಿಸಿ.

ವಯಸ್ಸಾದವರ ಜೊತೆ ಸಂಜೆ ಕಳೆಯಲು ಕಾಪು ಚೆನ್ನ. 1901ರ ದೀಪಸ್ತಂಭ ಬಂಡೆಯ ಮೇಲೆ ಇಂದಿಗೂ ನಾವಿಕರಿಗೆ ದಾರಿ ತೋರಿಸುತ್ತಿದೆ. ಮೇಲೆ ಹತ್ತಲಾಗದವರು ಮರಳಿನಲ್ಲೇ ಕುಳಿತು ಬೆಳಕು ತಿರುಗುವುದನ್ನು ನೋಡಬಹುದು.

ಉಡುಪಿ ಪೇಟೆಯಲ್ಲೇ ಇರಬೇಕೆಂದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆ. 1906ರಲ್ಲಿ ಅವರು ಊರವರನ್ನು ಸೇರಿಸಿ ಕಟ್ಟಿದ ಪುಟ್ಟ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ದೇಶವಿಡೀ ಬೆಳೆಯಿತು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅವರ ಮನೆಯನ್ನು ಬ್ಯಾಂಕು ನಾಣ್ಯಗಳ ಸಂಗ್ರಹಾಲಯವಾಗಿಸಿತು. ತೆರೆದಿರುವ ಸಮಯ ವಿಚಾರಿಸಿಕೊಂಡು ಹೋಗಿ.

ಗೃಹಿಣಿಗೂ ರಜೆ ಕೊಡಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರವಾಸವೆಂದರೆ ಹಲವು ಮನೆಗಳಲ್ಲಿ ಅಡುಗೆಮನೆ ಮಾತ್ರ ಬದಲಾಗುತ್ತದೆ, ಅಡುಗೆಯವಳು ಬದಲಾಗುವುದಿಲ್ಲ. ಹಿಂದಿನ ರಾತ್ರಿ ಚಪಾತಿ, ಕಟ್ಟುಬುತ್ತಿ, ಮಗುವಿನ ಹಾಲು, ಮಾವನ ಮಾತ್ರೆ, ಎಲ್ಲರ ಬಟ್ಟೆ ಇವೆಲ್ಲ ಅವಳದ್ದೇ ಹೊಣೆ. ಅಲ್ಲಿ ಹೋದ ಮೇಲೆ ಮಕ್ಕಳನ್ನು ಒರೆಸುವುದು, ಉಣಿಸುವುದು ಅವಳೇ. ಫೋಟೋಗಳಲ್ಲಿ ಹುಡುಕಿ ನೋಡಿ, ಅವಳು ಎಲ್ಲೋ ಅಂಚಿನಲ್ಲಿ ಚೀಲ ಹಿಡಿದು ನಿಂತಿರುತ್ತಾಳೆ.

ಹೊರಡುವ ಮುನ್ನವೇ ಕೆಲಸ ಹಂಚಿಕೊಳ್ಳಿ. ಪ್ರತಿಯೊಬ್ಬರ ಚೀಲ ಅವರವರೇ ಕಟ್ಟಲಿ, ಹತ್ತು ವರ್ಷದ ಮಗುವೂ ತನ್ನ ಬಟ್ಟೆ ಮಡಿಸಬಲ್ಲದು. ಮಾತ್ರೆ, ಟಿಕೆಟು, ನೀರು ಗಂಡಸರ ಹೊಣೆಯಾಗಲಿ. ಊಟವನ್ನು ಉಳಿದುಕೊಳ್ಳುವಲ್ಲೇ ಹೇಳಿಡಿ. ಬಿಸಿ ನೀರ್‌ದೋಸೆ ಮತ್ತು ಕೋಳಿ ಸಾರು, ಬಂಗುಡೆಯ ಪುಳಿಮುಂಚಿ, ಕುಚ್ಚಲಕ್ಕಿ ಗಂಜಿ ಚಟ್ನಿ, ಕಾಲ ಕೂಡಿಬಂದರೆ ಮಟ್ಟುಗುಳ್ಳದ ಸಾಂಬಾರು. ಅವಳು ಬೇಯಿಸದ ಊಟವನ್ನು ಅವಳು ಕುಳಿತು, ಬಿಸಿಯಿರುವಾಗಲೇ ಉಣ್ಣಲಿ. ಹಲಾಲ್ ಊಟದ ಬಗ್ಗೆ ಇಲ್ಲಿ ಚಿಂತೆಯಿಲ್ಲ, ಕೆಮ್ಮಣ್ಣು ಮತ್ತು ಹೂಡೆಗಳಲ್ಲಿ ಮಸೀದಿಗಳೂ ನಮ್ಮವರ ಮನೆಗಳೂ ಬೇಕಾದಷ್ಟಿವೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ. ಆಗ ಪತ್ರೊಡೆ ಕೇಳಿ.

ಪ್ರಯಾಣಿಕನಿಗೆ ನಮಾಝನ್ನೂ ಮೊಟಕುಗೊಳಿಸುವ, ಉಪವಾಸವನ್ನೂ ಮುಂದಕ್ಕೆ ಹಾಕುವ ರಿಯಾಯಿತಿ ಇದೆ. ಪ್ರಯಾಣ ದಣಿಸುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೊಟ್ಟ ಸೌಲಭ್ಯವದು. ಹಾಗಿರುವಾಗ ನಾವು ನಮ್ಮವರ ಮೇಲೆ ಏಳು ಸ್ಥಳಗಳ ಹೊರೆ ಹೇರುವುದೇಕೆ?

ಅತಿಥಿಗಳಂತೆ ಹೋಗಿ

ಕೊನೆಯದಾಗಿ, ನಾವು ಹೋಗುವುದು ಯಾರದೋ ಅಂಗಳಕ್ಕೆ ಎಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ನದಿಯ ಸಿಹಿನೀರು ತಗ್ಗಿದಾಗ ಸಮುದ್ರದ ಉಪ್ಪು ಒಳಗೆ ಬರುತ್ತದೆ, ದಡದ ಬಾವಿಗಳ ನೀರು ಉಪ್ಪಾಗುತ್ತದೆ. ಸುತ್ತಲೂ ನೀರಿದ್ದೂ ಕೊಡ ನೀರಿಗೆ ಕಾಯುವ ಮನೆಗಳಿರುವಾಗ ನಾವು ಅರ್ಧ ಗಂಟೆ ಶವರ್ ಬಿಟ್ಟು ನಿಲ್ಲಬಾರದು. ತಂದ ಪ್ಲಾಸ್ಟಿಕ್ಕನ್ನು ತಿರುಗಿ ನಗರಕ್ಕೇ ಒಯ್ಯಿರಿ. ನದಿಗೆ ಎಸೆದದ್ದು ಕಾಂಡ್ಲಾ ಬೇರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬೆಸ್ತನ ಬಲೆಗೆ ಬರುತ್ತದೆ. ಎಳನೀರನ್ನು ಊರ ಅಂಗಡಿಯಲ್ಲೇ ಕುಡಿಯಿರಿ, ನಾಲ್ಕು ಕಾಸು ಅವರಿಗೂ ಸೇರಲಿ. ಯಾರದೋ ಗದ್ದೆ ಅಂಚಿನಲ್ಲಿ, ಅಂಗಳದಲ್ಲಿ ನಡೆಯುವಾಗ ಒಂದು ಮಾತು ಕೇಳಿ, ಒಂದು ನಗು ನಕ್ಕು ಹೋಗಿ.

ನಾವು ಕೆಮ್ಮಣ್ಣಿನಿಂದ ಮರಳಿದ ಮರುದಿನ ನಮ್ಮ ಮನೆಯಲ್ಲಿ ಯಾರೂ ಹಾಸಿಗೆ ಹಿಡಿಯಲಿಲ್ಲ. ಬಟ್ಟೆಯ ರಾಶಿ ಇತ್ತು, ಆದರೆ ಅದನ್ನು ಮೂವರು ಸೇರಿ ಒಗೆದೆವು. ಈ ಸಲ ಫೋಟೋಗಳು ಮೂವತ್ತನ್ನೂ ದಾಟಿರಲಿಲ್ಲ. ಸಂಜೆ ನೆರೆಮನೆಯವರು ಬಂದು ಅತ್ತೆಯನ್ನು ಹಿಂದಿನಂತೆಯೇ ಕೇಳಿದರು: "ಏನೇನು ನೋಡಿದಿರಿ?" ಅವರು ಸ್ವಲ್ಪ ಯೋಚಿಸಿ ಹೇಳಿದರು: "ನೀರು ಏರುವುದು ನೋಡಿದೆ. ಆಮೇಲೆ ಅದೇ ನೀರು ಇಳಿಯುವುದನ್ನೂ ನೋಡಿದೆ."

ಮುಂದಿನ ರಜೆಗೆ ನೀವು ಪಟ್ಟಿ ಬರೆಯಲು ಕುಳಿತಾಗ ಒಂದು ಕೆಲಸ ಮಾಡಿ. ಮೊದಲು ನಿಮ್ಮ ತಾಯಿಯನ್ನು, ಅತ್ತೆಯನ್ನು, ಹೆಂಡತಿಯನ್ನು ಕೇಳಿ, ಅವರಿಗೆ ಏನು ಬೇಕೆಂದು. ಆಮೇಲೆ ಪಟ್ಟಿಯಲ್ಲಿ ಒಂದೇ ಊರಿನ ಹೆಸರು ಉಳಿಸಿ, ಉಳಿದವುಗಳಿಗೆ ಗೀಟು ಎಳೆಯಿರಿ. ಆ ಊರುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಮನೆಯಲ್ಲಿರುವ ಹಿರಿಯರು ಎಷ್ಟು ದಿನ ನಮ್ಮೊಡನೆ ಇರುತ್ತಾರೆಂದು ನಮಗೆ ಗೊತ್ತಿಲ್ಲವಲ್ಲ!